ಉತ್ತರಕ್ಕೆ ಬಿಟ್ಟ ಜಾಗ

ನನಗೆ ಅನ್ನ ಹಾಕಿದ್ದು ವರ್ತಮಾನವಲ್ಲ, ಭೂತ. ರೇಡಿಯೋದಲ್ಲಿ ವಾರಕ್ಕೊಮ್ಮೆ ಸಂಜೆ ಬರುತ್ತಿದ್ದ ದೆವ್ವದ ಕಥೆಗಳಲ್ಲಿ ಸತ್ತವರೆಲ್ಲ ನಾನೇ. ಬಾವಿಗೆ ಬಿದ್ದವಳು, ರೈಲಿಗೆ ತಲೆ ಕೊಟ್ಟವನು, ಆಸ್ತಿ ಕಾಯುವ ಮುದುಕ, ಆ ಮುದುಕನ ನಾಯಿ. ಕಥೆ ಬರೆಯುತ್ತಿದ್ದವರು ನನ್ನ ಭಾವ, ಅಕ್ಕನ ಗಂಡ. ಸದ್ದು ಹುಟ್ಟಿಸುವ ಕೆಲಸ ಅಕ್ಕನದು. ಜಲ್ಲಿ ಹರಡಿದ ತಟ್ಟೆಯಲ್ಲಿ ಬೆರಳಾಡಿಸಿ ಹೆಜ್ಜೆ ಮಾಡುತ್ತಿದ್ದಳು, ಒದ್ದೆ ಬಟ್ಟೆಯನ್ನು ಗಾಜಿಗೆ ಉಜ್ಜಿ ಹಕ್ಕಿ ಮಾಡುತ್ತಿದ್ದಳು, ಎಣ್ಣೆ ಕಾಣದ ಒಂದು ಕಪಾಟಿನ ಬಾಗಿಲನ್ನು ಮಗುವಿನಂತೆ ಸಾಕಿಕೊಂಡಿದ್ದಳು. ಭಾವ ದಣಿ, ನಾನು ದನಿ. ದಣಿವು ಮಾತ್ರ ಮೂವರಿಗೂ ಸಮಪಾಲು.

ಸೇರಿದ ಹೊಸತರಲ್ಲಿ ನನಗೆ ಉತ್ಸಾಹ ಜಾಸ್ತಿ. ಮೊದಲ ದೆವ್ವಕ್ಕೇ ಊಳಿಟ್ಟೆ, ನಕ್ಕೆ, ಹಲ್ಲು ಕಡಿದೆ. ಭಾವ ಕಿವಿಯಿಂದ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು.

"ಏನಯ್ಯಾ, ದೆವ್ವಕ್ಕೆ ಹೊಟ್ಟೆನೋವಾ?"

"ಹೆದರಿಸ್ಬೇಕಲ್ಲ ಭಾವ?"

"ಕಿರುಚಿದ್ರೆ ಕೇಳೋನು ರೇಡಿಯೋ ಸಣ್ಣ ಮಾಡ್ತಾನೆ. ಪಿಸುಗುಟ್ಟು, ದೊಡ್ಡದು ಮಾಡ್ಕೊಂಡು ಕಿವಿ ಹತ್ರ ತರ್ತಾನೆ. ಕಿವಿ ಹತ್ರ ಬಂದ್ಮೇಲೆ ಅವನು ನಮ್ಮೋನು."

ಇಂಥ ಪಾಠಗಳು ಅವರ ಬಾಯಲ್ಲಿ ಸಾಲುಸಾಲು. ದೆವ್ವವನ್ನು ತೋರಿಸಬೇಡ, ಅದು ಕುಡಿದಿಟ್ಟ ಲೋಟ ತೋರಿಸು. ಮನೆಯಲ್ಲಿ ಎಲ್ಲವೂ ನೆಟ್ಟಗಿರಲಿ, ಒಂದೇ ಒಂದು ಸೊಟ್ಟಗಿರಲಿ. ಓಡುವ ದೆವ್ವಕ್ಕಿಂತ ನಡೆಯುವ ದೆವ್ವ ಬೇಗ ತಲುಪುತ್ತದೆ. ಕೊನೆಯದನ್ನು ಅವರು ಕಣ್ಣು ಅರೆ ಮುಚ್ಚಿ ಹೇಳುತ್ತಿದ್ದರು: "ಎಲ್ಲಾ ನಾವೇ ಹೇಳ್ಬಿಟ್ರೆ ಅದು ನಮ್ ದೆವ್ವ. ಒಂಚೂರು ಜಾಗ ಬಿಟ್ರೆ, ಅವರವರ ದೆವ್ವ ಅವರವರ ಮನೆಯಿಂದಾನೇ ಬಂದು ಕೂತ್ಕೊಳುತ್ತೆ."

ಊಟದ ಹೊತ್ತಿಗೆ ನಾನು ಇದನ್ನೇ ಅವರ ದನಿಯಲ್ಲಿ, ಅವರ ಅರೆಗಣ್ಣಿನ ಸಮೇತ, ಡಬ್ಬಿಯೊಳಗಿನ ಪಲ್ಯಕ್ಕೆ ಬೋಧಿಸುತ್ತಿದ್ದೆ. "ಎಲ್ಲಾ ಉಪ್ಪೂ ನಾವೇ ಹಾಕ್ಬಿಟ್ರೆ ಅದು ನಮ್ ಪಲ್ಯ..." ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಭಾವನೇ.

ಭಯವನ್ನು ಅಳೆಯಲು ಅವರ ಬಳಿ ಒಂದು ಮಾಪನವಿತ್ತು. ರೇಡಿಯೋ ಕೇಂದ್ರದ ಲೆಕ್ಕಪತ್ರ ನೋಡುವ ಹೆಂಗಸು, ನಮ್ಮೆಲ್ಲರ ಲೆಕ್ಕದಮ್ಮ, ಯಾವುದಕ್ಕೂ ಜಗ್ಗುವವರಲ್ಲ. ಸದಾ ಕೈಯಲ್ಲಿ ಉಣ್ಣೆ, ಎರಡು ಸೂಜಿ. ಮುದ್ರಿಸಿಟ್ಟ ಪ್ರತಿ ಕಂತನ್ನೂ ಪ್ರಸಾರದ ದಿನ ಮಧ್ಯಾಹ್ನ ಅವರಿಗೆ ಕೇಳಿಸುತ್ತಿದ್ದೆವು. ಸೂಜಿಗಳು ಟಿಕ್ ಟಿಕ್ ಅನ್ನುತ್ತಲೇ ಇದ್ದರೆ ಕಥೆ ಸೋತಿತು. ನಿಂತರೆ ದೆವ್ವ ಬಂತು. ಒಂದು ಕಾಲದಲ್ಲಿ ಸೂಜಿ ನಿಂತು ನಿಂತು ಅವರ ಸ್ವೆಟರಿಗೆ ಒಂದು ತೋಳು ಗಿಡ್ಡವಾಗಿತ್ತು. ಈಚೆಗೆ ಮಫ್ಲರುಗಳ ಮೇಲೆ ಮಫ್ಲರು ಬೀಳುತ್ತಿದ್ದವು.

ಕೇಂದ್ರದ ದೊಡ್ಡವರೂ ಇದನ್ನು ಗಮನಿಸಿದ್ದರು. ಒಂದು ಬೆಳಿಗ್ಗೆ ನಮ್ಮನ್ನು ಕರೆದು ಸಕ್ಕರೆಯಿಲ್ಲದ ಚಹಾ ಕೊಟ್ಟರು.

"ಕೇಳೋರು ನಗ್ತಿದಾರಂತಲ್ರೀ. ಇನ್ನೊಂದು ಕಂತು ನೋಡ್ತೀನಿ. ಆಮೇಲೆ ಆ ಹೊತ್ತಿಗೆ ಅಡುಗೆ ಕಾರ್ಯಕ್ರಮ ಹಾಕ್ತೀನಿ."

"ಅದೂ ಕೆಲವರ ಮನೇಲಿ ಭಯಾನಕವೇ ಸಾರ್," ಅಂದೆ ನಾನು. ಭಾವ ನಗಲಿಲ್ಲ.

ಇಲ್ಲಿ ಅಪ್ಪನ ವಿಷಯ ಹೇಳಬೇಕು. ಅಪ್ಪ ಬಸ್ಸಿನ ಚಾಲಕ. ಇಡೀ ದಿನ ಹಾರ್ನು ಒತ್ತಿದ ಕೈ, ಮನೆಗೆ ಬಂದರೆ ಕರೆಗಂಟೆ ಒತ್ತುತ್ತಿರಲಿಲ್ಲ. ಎಡಗಾಲಿನ ಚಪ್ಪಲಿ ಕೊಂಚ ಎಳೆದುಕೊಂಡು ಬಂದು, ಗಂಟಲು ಸರಿಮಾಡಿಕೊಂಡು, ಅಂಗೈಯಲ್ಲಿ ಮೆತ್ತಗೆ ಬಾಗಿಲು ತಟ್ಟಿ ಹೇಳುತ್ತಿದ್ದರು: "ಕಳ್ಳ ಬಂದಿದೀನಿ, ಬಾಗ್ಲು ತೆಗೀರಿ." ಒಳಗಿನಿಂದ ಅಮ್ಮ: "ಇಲ್ಲೇನೂ ಇಲ್ಲ, ಪಕ್ಕದ್ಮನೆಗೆ ಹೋಗಿ." ಆಮೇಲೇ ಚಿಲಕ ಸರಿಯುತ್ತಿದ್ದುದು. ಜಗಳವಾಡಿ ಮಾತು ಬಿಟ್ಟ ದಿನಗಳಲ್ಲೂ ಈ ಎರಡು ಮಾತು ಮಾತ್ರ ತಪ್ಪುತ್ತಿರಲಿಲ್ಲ. ಅದು ಜಗಳದ ಲೆಕ್ಕಕ್ಕೆ ಸೇರುತ್ತಿರಲಿಲ್ಲ.

ನಾನು ಊರಲ್ಲಿ ಅನುಕರಿಸದ ಗಂಟಲಿಲ್ಲ. ದೊಡ್ಡವರ ಕೆಮ್ಮು, ಪಕ್ಕದ ಮನೆಯ ಮಾಮ ಫೋನಿನಲ್ಲಿ ಅರಚುವುದು, ನಮ್ಮ ಕುಕ್ಕರು, ಎಲ್ಲ ನನ್ನ ಬಾಯಲ್ಲಿ ವಾಸ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಒಂದೇ ಮಾತು ಹೇಳಿದ್ದಳು: "ಯಾರ ದನಿ ಬೇಕಾದ್ರೂ ಮಾಡು. ಅವರದ್ದು ಬೇಡ. ಅದು ನನ್ನ ಹತ್ರ ಇದೆ, ಇದ್ದ ಹಾಗೇ ಇರ್ಲಿ." ನಾನು ಆಗಲಿ ಅಂದಿದ್ದೆ. ನಾನೂ ಅಮ್ಮನೂ ಒಂದೇ ಮನೆಯಲ್ಲಿದ್ದು, ಆ ಒಂದು ದನಿಗೆ ಇಬ್ಬರೂ ಕಾವಲಿದ್ದ ಹಾಗಿತ್ತು.

ದೊಡ್ಡವರ ಚಹಾ ಕುಡಿದ ಮರುವಾರ ಅಕ್ಕ ಊಟಕ್ಕೆ ಕರೆದಳು. ಭಾವ ಮನೆಯಲ್ಲಿರಲಿಲ್ಲ, ಯಾರನ್ನೋ ನೋಡಲು ಹೋಗಿದ್ದಾರೆ ಅಂದಳು. ಕೈ ತೊಳೆದು ಕೂತ ಮೇಲೆ ಕಿಟಕಿ ಹಾಕಿದಳು. ಫ್ಯಾನು ಆರಿಸಿದಳು.

"ಬೇಯ್ತಾ ಇದೀನಿ ಕಣೇ."

"ಅದರ ಗಿರಗಿರ ತಲೆಗೆ ಹಿಡಿಯುತ್ತೆ ಕಣೋ, ಸ್ವಲ್ಪ ಹೊತ್ತು ಇರು." ಆಮೇಲೆ ನನ್ನ ಪಕ್ಕ ಬಂದು ಕೂತಳು. "ನಂಗೆ ಅಪ್ಪನ ದನಿ ಮರ್ತು ಹೋಗ್ತಿದೆ ಕಣೋ. ಮುಖ ಬರುತ್ತೆ, ಚಪ್ಪಲಿ ಬರುತ್ತೆ, ದನಿ ಬರಲ್ಲ. ಊರಿನ ಸದ್ದೆಲ್ಲ ಮಾಡೋಳು ನಾನು. ನಮ್ಮಪ್ಪನ ದನಿ ನನ್ನ ಹತ್ರಾನೇ ಇಲ್ಲ."

"ಅಮ್ಮ ಬೇಡ ಅಂದಿದಾಳೆ."

"ಅಮ್ಮಂಗೆ ಯಾರು ಹೇಳ್ತಾರೆ? ಒಂದ್ಸಲ. ನಂಗೋಸ್ಕರ."

ಅಕ್ಕನ ಕಣ್ಣು ತುಂಬಿತ್ತು. ನನ್ನನ್ನು ಎತ್ತಿ ಆಡಿಸಿದವಳು ಅವಳು. ನಾನು ಗಂಟಲು ಸರಿಮಾಡಿಕೊಂಡೆ. ಆ ಸದ್ದಿಗೇ ಅವಳು ಸೆರಗನ್ನು ಬಾಯಿಗೊತ್ತಿಕೊಂಡಳು. ಮಾತು ಮುಗಿದ ಮೇಲೆ ಇಬ್ಬರೂ ಅತ್ತೆವು. ಆಮೇಲೆ ಅವಳು ಮೂಗು ಒರೆಸಿಕೊಂಡು ಅಂದಳು: "ಇನ್ನೊಂದ್ಸಲ ಕಣೋ. ಆ ಬಾಗಿಲಾಚೆ ನಿಂತ್ಕೊಂಡು. ಚಪ್ಪಲಿ ಎಳ್ಕೊಂಡು ಬಾ, ಕೈಯಲ್ಲಿ ತಟ್ಟು. ಆಗ ನಿಜವಾಗ್ಲೂ ಬಂದ ಹಾಗೆ ಅನ್ಸುತ್ತೆ."

ನಾನು ಬಾಗಿಲಾಚೆ ಹೋದೆ. ಅಪ್ಪನಾಗಿ ಬಂದೆ.

ಆ ವಾರದ ಕಂತಿನಲ್ಲಿ ನನಗೆ ಸಿಕ್ಕಿದ್ದು ಹಾಲಿನವನ ಪಾತ್ರ. "ಈ ಸಲ ದೆವ್ವಕ್ಕೆ ಮಾತಿಲ್ಲ, ಗಂಟಲಿಗೆ ರಜಾ ಕೊಡು," ಅಂದಿದ್ದರು ಭಾವ. ನಾನು ಎರಡು ಸಲ "ಹಾಲು" ಅಂದು ಮನೆಗೆ ಹೋಗಿದ್ದೆ. ಪ್ರಸಾರದ ದಿನ ಮಧ್ಯಾಹ್ನ ಎಂದಿನಂತೆ ಲೆಕ್ಕದಮ್ಮನ ಮುಂದೆ ಕೂತೆವು. ಟಿಕ್ ಟಿಕ್. ಕಥೆ ಸರಳ. ಗಂಡ ಸತ್ತ ಹೆಂಗಸೊಬ್ಬಳು ಒಬ್ಬಳೇ ಇದ್ದಾಳೆ. ಹಾಲು ತಗೊಳ್ಳುತ್ತಾಳೆ, ಬಟ್ಟೆ ಒಣಹಾಕುತ್ತಾಳೆ, ಗಡಿಯಾರಕ್ಕೆ ಕೀಲಿ ಕೊಡುತ್ತಾಳೆ. ಬರೀ ಸದ್ದು, ಮಾತೇ ಇಲ್ಲ. ಎಲ್ಲ ನೆಟ್ಟಗೆ. ಸದ್ದುಗಳು ಸಣ್ಣಗಾಗುತ್ತ ಹೋದವು. ಗಡಿಯಾರದ ಸದ್ದು ಕೇಳಲು ನಾವೆಲ್ಲ ಮುಂದೆ ಬಾಗಿದೆವು.

ಒಂದು ಚಪ್ಪಲಿ ಎಳೆದುಕೊಂಡು ಬಂತು.

ಅದು ಜಲ್ಲಿ ತಟ್ಟೆಯ ಹೆಜ್ಜೆಯಲ್ಲ. ನನ್ನ ಕಾಲು. ಗಂಟಲು ಸರಿಮಾಡಿಕೊಂಡ ಸದ್ದು. ಅಂಗೈ ತಟ್ಟಿದ್ದು. "ಕಳ್ಳ ಬಂದಿದೀನಿ, ಬಾಗ್ಲು ತೆಗೀರಿ."

ಆಮೇಲೆ ಏನೂ ಇಲ್ಲ. ಗಡಿಯಾರ ಕೂಡ ಇಲ್ಲ. ಆ ಖಾಲಿ ಜಾಗದ ಉದ್ದ ನನಗೆ ಗೊತ್ತಿತ್ತು. 'ಇಲ್ಲೇನೂ ಇಲ್ಲ, ಪಕ್ಕದ್ಮನೆಗೆ ಹೋಗಿ' ಅನ್ನುವಷ್ಟೇ ಉದ್ದ, ಅಮ್ಮ ಅದನ್ನು ಎಷ್ಟು ನಿಧಾನವಾಗಿ ಹೇಳುತ್ತಿದ್ದಳೋ ಅಷ್ಟು. ಅದಾದ ಮೇಲೆ ಚಿಲಕ ಸರಿದ ಸದ್ದು, ಸಂಗೀತ.

ಲೆಕ್ಕದಮ್ಮನ ಸೂಜಿ ಯಾವಾಗಲೋ ನಿಂತಿತ್ತು. ಉಣ್ಣೆಯ ಉಂಡೆ ಮೇಜಿನಡಿ ಉರುಳಿತ್ತು.

"ಅಯ್ಯೋ, ಅವಳು ಬಾಗ್ಲು ತೆಗೀಬಾರ್ದಿತ್ತು," ಅಂದರು. "ಯಾರ್ರೀ ಅದು ಮಾತಾಡಿದ್ದು?"

"ಇನ್ಯಾರು, ನಮ್ ಹುಡುಗನೇ," ಅಂದರು ಭಾವ ನನ್ನ ಬೆನ್ನು ತಟ್ಟಿ.

ಅವತ್ತು ಅಕ್ಕ ಫ್ಯಾನು ಯಾಕೆ ಆರಿಸಿದ್ದಳು ಅಂತ ಆಗ ಹೊಳೆಯಿತು. ದಿನವೂ ಸ್ಟುಡಿಯೋದಲ್ಲಿ ನನ್ನ ಕಣ್ಣೆದುರೇ ಆರಿಸುತ್ತಾಳೆ. ಧ್ವನಿಮುದ್ರಣಕ್ಕೆ ಮುಂಚೆ ಮಾಡುವ ಮೊದಲ ಕೆಲಸವೇ ಅದು. ಕಿಟಕಿ, ಫ್ಯಾನು, ಮೊದಲನೆಯದು ತಾಲೀಮು, ಎರಡನೆಯದು ಬಾಗಿಲಾಚೆಯಿಂದ. ನನ್ನ ಅಳುವನ್ನೂ ಸೇರಿಸಿ ಆ ಮಧ್ಯಾಹ್ನವನ್ನು ಭಾವ ಬರೆದುಕೊಟ್ಟಿದ್ದರು. ಮೆಲ್ಲಗೆ, ನೆಟ್ಟಗೆ, ಒಂದೇ ಒಂದು ಸೊಟ್ಟ ಇಟ್ಟು.

ಲೆಕ್ಕದಮ್ಮ ಹೋದ ಮೇಲೆ ಬಾಗಿಲು ಹಾಕಿದೆ. "ಅದನ್ನ ತೆಗೀರಿ ಭಾವ."

"ಇದು ಬರೀ ನಕಲು, ಅಸಲು ಟೇಪು ಆಗ್ಲೇ ಮೇಲಕ್ಕೆ ಹೋಗಿದೆಯಪ್ಪಾ. ದೊಡ್ಡವರು ಬೆಳಿಗ್ಗೇನೇ ಕೇಳಿದ್ರು. ಎದ್ದು ನಿಂತ್ಕೊಂಡ್ರಂತೆ."

"ನನ್ನ ಕೇಳ್ಬೇಕಿತ್ತು."

"ಕೇಳಿದ್ರೆ ಕೊಡ್ತಿದ್ದಾ?"

"ಇಲ್ಲ."

"ಅದಕ್ಕೇ ಕೇಳ್ಲಿಲ್ಲ." ಅವರ ದನಿಯಲ್ಲಿ ಕೋಪವಿರಲಿಲ್ಲ. ಪಾಠ ಹೇಳುವ ಅದೇ ಮೆಲುದನಿ. "ಗೊತ್ತಿದ್ದು ಮಾಡಿದ್ರೆ ನೀನು ನಟಿಸ್ತಿದ್ದೆ. ನಿನ್ ದೆವ್ವಗಳೆಲ್ಲ ನಟಿಸ್ತವೆ, ಅದಕ್ಕೇ ಜನ ನಗ್ತಿದಾರೆ. ಇದೊಂದು ನಟಿಸ್ಲಿಲ್ಲ. ಪ್ರೀತಿಯಿಂದ ಬಂದಿರೋ ದನಿ ನೋಡು, ಅದಕ್ಕೇ ಮೈ ಜುಂ ಅನ್ನುತ್ತೆ. ನಂಗೂ ಅಂತು."

ಭಾವನಿಗೆ ಇಷ್ಟೊಂದು ಭಾವನೆ ಇದೆಯೆಂದು ನನಗೆ ತಿಳಿದಿರಲಿಲ್ಲ. ಅಕ್ಕ ಮೂಲೆಯಲ್ಲಿ ತಂತಿ ಸುತ್ತುತ್ತಿದ್ದಳು. ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತಿದಳು.

"ಆ ಖಾಲಿ ಜಾಗ ಎಷ್ಟುದ್ದ ಬಿಡ್ಬೇಕು ಅಂತ ಇವರಿಗೆ ಯಾರು ಹೇಳಿದ್ದು?" ಅಂತ ಅವಳನ್ನೇ ಕೇಳಿದೆ.

"ಕಾರ್ಯಕ್ರಮ ನಿಂತ್ರೆ ಮೂವರಿಗೂ ಕೆಲ್ಸ ಇರಲ್ಲ ಕಣೋ."

"ಅಮ್ಮಂಗೆ ಹೇಳಿದ್ಯಾ?"

"ಈ ವಾರದ್ದು ತಪ್ಪಿಸ್ಬೇಡ ಅಂತ ಹೇಳಿದೀನಿ." ತಂತಿಯ ತುದಿ ಸಿಕ್ಕಿಸುತ್ತ, "ಅವಳಿಗೂ ಖುಷಿ ಆಗ್ಬಹುದು," ಅಂದಳು. ನನ್ನ ಮುಖ ನೋಡದೆ.

ದಾರಿಯುದ್ದಕ್ಕೂ ಒಂದೇ ಯೋಚನೆ: ಅಮ್ಮ ಕೇಳಬಾರದು. ಯಾಕೆ ಅಂತ ಹೇಳುವಂತಿಲ್ಲ. ಅಪ್ಪನ ದನಿ ರೇಡಿಯೋದಲ್ಲಿ ಬರುತ್ತದೆ ಅಂದರೆ ಯಾವ ಹೆಂಡತಿ ತಾನೆ ಕಿವಿ ಮುಚ್ಚಿಕೊಳ್ಳುತ್ತಾಳೆ? ಅಮ್ಮ ಒಗೆದ ಬಟ್ಟೆ ಮಡಚುತ್ತಿದ್ದಳು.

"ಏನೋ ಮುಖ ಹಾಗೆ? ಇವತ್ತು ಭಾರೀ ಚೆನ್ನಾಗಿದೆಯಂತೆ, ನಿಮ್ಮಕ್ಕ ಫೋನ್ ಮಾಡಿದ್ಲು."

"ದರಿದ್ರವಾಗಿದೆ ಅಮ್ಮ. ಕೇಳ್ಬೇಡ."

"ಪ್ರತಿ ವಾರ ಹೀಗೇ ಅಂತೀಯ. ದೆವ್ವಕ್ಕೂ ಇಷ್ಟೊಂದು ನಾಚಿಕೆ ಇರಬಾರದಪ್ಪ."

ಅವಳು ಬಟ್ಟೆಯ ರಾಶಿ ಹೊತ್ತು ಒಳಗೆ ಹೋದಾಗ ರೇಡಿಯೋದ ಬೆನ್ನು ಬಿಚ್ಚಿ ಬ್ಯಾಟರಿ ತೆಗೆದು ಜೇಬಿಗೆ ಹಾಕಿಕೊಂಡೆ. ಅಮ್ಮ ಬಂದು ಗುಂಡಿ ತಿರುಗಿಸಿದಳು, ತಟ್ಟಿದಳು, ಕಿವಿಗಿಟ್ಟುಕೊಂಡಳು. "ಸತ್ತೋಯ್ತೇನೋ." ನಾನು ನೋಡುತ್ತೇನೆ ಅಂದು ಅದನ್ನೆತ್ತಿಕೊಂಡು ಅಡುಗೆಮನೆಗೆ ಹೋಗಿ, ಸ್ಕ್ರೂಡ್ರೈವರು ಹಿಡಿದು ಸುಮ್ಮನೆ ನಿಂತೆ. ಅಮ್ಮ ಅಂಗಿಯೊಂದಕ್ಕೆ ಗುಂಡಿ ಹೊಲಿಯುತ್ತ ಕೂತಳು. ಗೆದ್ದೆ ಅಂದುಕೊಂಡೆ.

ಪಕ್ಕದ ಮನೆಯ ಮಾಮನಿಗೆ ಕಿವಿ ಮಂದ, ಅವರದೂ ಇದೇ ಕಾರ್ಯಕ್ರಮ. ನಮ್ಮ ರೇಡಿಯೋ ಹಾಕಿದ್ದಾಗ ಅವರದು ನಮಗೆ ಕೇಳಿಸುತ್ತಿರಲಿಲ್ಲ. ಅವತ್ತು ನಮ್ಮದರ ಬಾಯಿ ನಾನೇ ಮುಚ್ಚಿದ್ದೆ. ಮೊದಲು ಗೋಡೆಯಾಚೆ ಏನೋ ಗೊಜಗೊಜ, ನನ್ನ "ಹಾಲು" ಕೂಡ ಗೊಜಗೊಜವೇ. ಆಮೇಲೆ ಅದೂ ಇಲ್ಲ. ಸದ್ದು ಸಣ್ಣಗಾಗುತ್ತಿದೆ, ಗಡಿಯಾರ ಕೇಳಲೆಂದು ಮಾಮ ದೊಡ್ಡದು ಮಾಡುತ್ತಿದ್ದಾರೆ, ಇನ್ನೂ ದೊಡ್ಡದು ಮಾಡುತ್ತಿದ್ದಾರೆ ಅಂತ ನನಗೆ ತಿಳಿಯುವಷ್ಟರಲ್ಲಿ ತಡವಾಗಿತ್ತು.

ಚಪ್ಪಲಿ ನಮ್ಮ ಮಹಡಿಯ ಓಣಿಯಲ್ಲೇ ಎಳೆದುಕೊಂಡು ಬಂತು. ಅಂಗೈ ತಟ್ಟಿದ್ದು ಗೋಡೆಯಲ್ಲಿ ಮಿಡಿಯಿತು.

"ಕಳ್ಳ ಬಂದಿದೀನಿ, ಬಾಗ್ಲು ತೆಗೀರಿ."

ಅಮ್ಮ ಸೂಜಿಯಿಂದ ತಲೆ ಎತ್ತಲಿಲ್ಲ. ದಾರ ಎಳೆಯುತ್ತಲೇ, ತುಟಿಯಂಚಿನಲ್ಲಿ ನಗುತ್ತ ಅಂದಳು: "ಇಲ್ಲೇನೂ ಇಲ್ಲ, ಪಕ್ಕದ್ಮನೆಗೆ ಹೋಗಿ."

ಭಾವ ಬಿಟ್ಟಿದ್ದ ಜಾಗಕ್ಕೆ ಆ ಮಾತು ಅಳತೆ ತೆಗೆದ ಹಾಗೆ ಕೂತಿತು.

ಅವಳು ಎದ್ದಳು. ಅಂಗಿಯನ್ನು ಕುರ್ಚಿಯ ಮೇಲಿಟ್ಟಳು. ಕೂದಲು ಸರಿಮಾಡಿಕೊಂಡಳು. ಅದನ್ನು ನೋಡಬಾರದಿತ್ತು ನಾನು. "ಅಮ್ಮಾ" ಅಂದೆ, ಅವಳಿಗೆ ಕೇಳಿಸಲಿಲ್ಲ. ಚಿಲಕ ಸರಿಸಿ ಬಾಗಿಲು ಪೂರ್ತಿ ತೆಗೆದಳು. ಓಣಿಯಲ್ಲಿ ಮಾಮನ ಚಪ್ಪಲಿಗಳು, ಒಂದು ಹೂಕುಂಡ, ಗೋಡೆಯ ಮೇಲೆ ಬಲ್ಬಿನ ಬೆಳಕು. ಅವಳು ಹೊರಗೆ ಹೆಜ್ಜೆಯಿಟ್ಟು ಮೆಟ್ಟಿಲ ಕಡೆ ಬಗ್ಗಿ ನೋಡಿದಳು. ಆಗ ಗೋಡೆಯಾಚೆ ಕಾರ್ಯಕ್ರಮ ಮುಗಿಯುವ ಸಂಗೀತ ಶುರುವಾಯಿತು.

ಆ ಸಂಗೀತ ಅವಳಿಗೆ ಪ್ರತಿ ವಾರದ ಪರಿಚಯ. ಬಾಗಿಲು ಹಾಕಿ ಹಿಂದಿರುಗಿದವಳು ಕುರ್ಚಿಯ ಅಂಚು ಹಿಡಿದು ನಿಂತಳು. ನಾನು ಅಡುಗೆಮನೆಯ ಬಾಗಿಲಲ್ಲಿ ಸ್ಕ್ರೂಡ್ರೈವರು ಹಿಡಿದೇ ಇದ್ದೆ.

"ನೀನು."

"ಅಮ್ಮ, ನಂಗೆ ಗೊತ್ತಿರ್ಲಿಲ್ಲ. ಇವತ್ತು ಮಧ್ಯಾಹ್ನಾನೇ..."

"ರೇಡಿಯೋ ಕೊಡು."

ಕೊಟ್ಟೆ. ಬೆನ್ನು ತೆಗೆದು ನೋಡಿದಳು. "ಎಲ್ಲಿ?" ಜೇಬಿನಿಂದ ತೆಗೆದು ಕೊಟ್ಟೆ. ಬ್ಯಾಟರಿಗಳನ್ನು ಅಂಗೈಯಲ್ಲಿ ಒಂದೊಂದಾಗಿ ತಿರುಗಿಸಿ ನೋಡಿದಳು.

"ರೇಡಿಯೋದಲ್ಲಿ ಕೇಳಿದ್ರೆ ಕಥೆ ಅಂದ್ಕೋತಿದ್ದೆ ಕಣೋ. ಅದನ್ನೂ ಇಲ್ದಂಗೆ ಮಾಡ್ದೆ. ಬಾಗಿಲಿಗೇ ಕರ್ಕೊಂಡ್ಬಂದೆ."

"ನೀನು ಕೇಳ್ಬಾರ್ದು ಅಂತ ತೆಗೆದೆ ಅಮ್ಮ. ಅಕ್ಕ ಕೇಳಿದ್ಲು ಅಂತ ಒಂದ್ಸಲ ಮಾಡಿ ತೋರಿಸ್ದೆ. ಅದನ್ನ ಅವರು ಕದ್ದು ಮುದ್ರಿಸ್ಕೊಂಡಿದಾರೆ. ಬೇಕಾದ್ರೆ ಅವಳನ್ನೇ ಕೇಳು."

ಅಮ್ಮ ಫೋನಿನಲ್ಲಿ ಅಕ್ಕನ ನಂಬರು ಒತ್ತಿ, ಎಂದಿನಂತೆ ದನಿ ಹೊರಗೆ ಕೇಳುವ ಹಾಗೆ ಇಟ್ಟಳು. ಆ ಕಡೆ ಜನರ ನಗು, ಲೋಟಗಳ ಸದ್ದು. ಭಾವನ ಮನೆಯಲ್ಲಿ ದೊಡ್ಡವರ ಕೆಮ್ಮು ಕೂಡ ಕೇಳಿಸಿತು.

"ಇವನಿಗೆ ಗೊತ್ತಿಲ್ದೆ ಮಾಡಿದ್ರಂತೆ, ಹೌದೇನೇ?"

ಅಕ್ಕ ತಡೆದಳು. ಅದೂ ಒಂದು ಖಾಲಿ ಜಾಗವೇ. ನಾನು ನನ್ನ ಉತ್ತರವನ್ನು ಅದರಲ್ಲಿ ಕೂರಿಸಿಕೊಂಡು ಕಾದೆ: ಹೌದಮ್ಮ, ಅವನದೇನೂ ತಪ್ಪಿಲ್ಲ.

"ಅವನೇ ಮಾಡಿದ್ದು ಅಮ್ಮ," ಅಂದಳು ಅಕ್ಕ. "ಚಪ್ಪಲಿ ಹಾಕ್ಕೊಂಡು, ಬಾಗಿಲಾಚೆ ಹೋಗಿ ನಿಂತ್ಕೊಂಡು ಮಾಡ್ದ. ನಾನೇನು ಅವನ ಗಂಟಲಿಗೆ ಕೈ ಹಾಕಿದ್ನಾ? ಇಲ್ಲಿ ಜನ ಬಂದಿದಾರೆ, ನಾಳೆ ಮಾತಾಡ್ತೀನಿ."

ಒಂದು ಪದವೂ ಸುಳ್ಳಿರಲಿಲ್ಲ. ಭಾವನ ಹತ್ತಿರ ಅವಳು ಚೆನ್ನಾಗಿಯೇ ಕಲಿತಿದ್ದಳು.

"ಅಮ್ಮ, ಫ್ಯಾನು ಆರಿಸಿದ್ಲು," ಅಂದೆ. ನನಗೇ ಅದು ಹುಚ್ಚು ಮಾತಿನಂತೆ ಕೇಳಿಸಿತು.

"ಅವರದ್ದು ಬೇಡ ಅಂದಿದ್ದೆ," ಅಂದಳು ಅಮ್ಮ. "ಈಗ ನೆನೆಸ್ಕೊಂಡ್ರೆ ಅವರದ್ದು ಬರ್ತಿಲ್ಲ. ನಿಂದೇ ಬರುತ್ತೆ." ಬ್ಯಾಟರಿಗಳನ್ನು ಮೇಜಿನ ಮೇಲಿಟ್ಟು ಕೋಣೆಗೆ ಹೋದಳು.

ಅಡುಗೆ ಕಾರ್ಯಕ್ರಮ ಬರಲಿಲ್ಲ. ದೊಡ್ಡವರು ದೆವ್ವಗಳನ್ನು ಮುಂದುವರಿಸಿ ಅಂದರಂತೆ. ಭಾವ ಎರಡು ಸಲ ಹೇಳಿ ಕಳಿಸಿದರು, ನಾನು ಹೋಗಲಿಲ್ಲ. ಅದಕ್ಕವರು ಬೇಸರಿಸಿದ ಹಾಗೂ ಕಾಣಲಿಲ್ಲ. ಈಗ ನಾನು ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿಗೆ ಅಂತ ಮೈಕಿನಲ್ಲಿ ಕೂಗುತ್ತೇನೆ, ಯಾರದೂ ಅಲ್ಲದ ಒಂದು ದನಿಯಲ್ಲಿ. ಅಕ್ಕ ಬಂದರೆ ಅಮ್ಮ ಕಾಫಿ ಕೊಡುತ್ತಾಳೆ. ನಾನು ಆ ಹೊತ್ತಿಗೆ ಹೊರಗೆ ಹೋಗಿರುತ್ತೇನೆ.

ಅಮ್ಮ ನನ್ನೊಂದಿಗೆ ಮಾತು ಬಿಟ್ಟಿಲ್ಲ. ಊಟಕ್ಕೆ ಕರೆಯುತ್ತಾಳೆ, ಅಂಗಿಗೆ ಗುಂಡಿ ಹೊಲಿದುಕೊಡುತ್ತಾಳೆ. ಬಾಗಿಲ ಹತ್ತಿರ ಮಾತ್ರ ಬೇರೆ. ನಿನ್ನೆ ಸಂಜೆ ಬಂದು ಕರೆಗಂಟೆ ಒತ್ತಿದೆ, ಕರೆಂಟಿರಲಿಲ್ಲ. ಬೆರಳಿನಿಂದ ಬಾಗಿಲು ತಟ್ಟಿದೆ.

"ಅಮ್ಮಾ, ನಾನು."

ಒಳಗೆ ಹೆಜ್ಜೆ ಬಂದು ಬಾಗಿಲ ಹಿಂದೆ ನಿಂತಿತು. ಚಿಲಕ ಸರಿಯಲಿಲ್ಲ.

"ನಾನೇ ಅಮ್ಮ."

"ಕಿಟಕಿ ಹತ್ರ ಬಾ," ಅಂದಳು.

ಅಡುಗೆಮನೆಯ ಕಿಟಕಿ ಓಣಿಗೆ ತೆರೆಯುತ್ತದೆ. ಅಲ್ಲಿಗೆ ಹೋಗಿ ಸರಳುಗಳಿಗೆ ಮುಖ ಕೊಟ್ಟು ನಿಂತೆ. ಅಮ್ಮ ಮೇಣದಬತ್ತಿ ಎತ್ತಿ ಹಿಡಿದು ನೋಡಿದಳು.

"ಬೇಗ ಬಾಗ್ಲು ತೆಗಿ ಅಮ್ಮ, ಕಾಲು ನೋಯ್ತಿದೆ," ಅಂತ ತಮಾಷೆಗೆ ಹೇಳಹೊರಟೆ.

"ಮಾತಾಡ್ಬೇಡ," ಅಂದಳು. "ಸುಮ್ನೆ ನಿಂತ್ಕೋ."

ನಿಂತೆ. ಬಾಗಿಲು ತೆರೆಯುವ ತನಕ ಉಸಿರನ್ನೂ ಸದ್ದಾಗದ ಹಾಗೆ ಬಿಟ್ಟೆ.